ಕೋವಿಡ್ ಕಾಲದ ಬಿಲ್ಲು ಬಾಕಿ: ದಾರಿ ಇದೆಯೇ?

ಪ್ರಶ್ನೆ: 2020ರ ಜೂನ್‌ನಲ್ಲಿ ಕ್ವಾರಂಟೈನ್ ಕೇಂದ್ರಕ್ಕೆ ಊಟ ಕೊಟ್ಟಿದ್ದೆ. ಆದೇಶ ಬಾಯಿಮಾತಿನದು. ಅರ್ಧ ಹಣ ಬಂತು, ಉಳಿದದ್ದಕ್ಕೆ ‘ಅನುದಾನ ಬಂದಿಲ್ಲ’ ಎನ್ನುತ್ತಾರೆ.
– ಕೇಟರಿಂಗ್ ಮಾಲೀಕರು, ಗಂಗಾವತಿ

ಉತ್ತರ: 2020ರ ಮಾರ್ಚ್ 14ರಂದು ಕೇಂದ್ರ ಗೃಹ ಸಚಿವಾಲಯ ಕೋವಿಡ್ ವೆಚ್ಚಕ್ಕೆ ಎಸ್‌ಡಿಆರ್‌ಎಫ್, ಅಂದರೆ ರಾಜ್ಯ ವಿಪತ್ತು ಸ್ಪಂದನಾ ನಿಧಿ ಬಳಸಲು ಒಪ್ಪಿತು. ಕರ್ನಾಟಕದ ಮಟ್ಟಿಗೆ ಇದರಲ್ಲಿ ಕೇಂದ್ರದ ಪಾಲು ಶೇ 75, ರಾಜ್ಯದ್ದು ಶೇ 25. ಕೋವಿಡ್‌ಗೆ ವರ್ಷದ ಹಂಚಿಕೆಯ ಶೇ 35ರಷ್ಟೇ ಮಿತಿ ಇತ್ತು. ಸೆಪ್ಟೆಂಬರ್‌ನಲ್ಲಿ ಶೇ 50ಕ್ಕೆ ಏರಿತು. ಆದರೆ ಅದು ಸರ್ಕಾರ-ಸರ್ಕಾರಗಳ ನಡುವಿನ ಲೆಕ್ಕ. ನಿಮ್ಮ ವ್ಯವಹಾರ ಊಟ ತರಿಸಿಕೊಂಡ ಕಚೇರಿಯ ಜೊತೆ. ಅನುದಾನ ಬರಲಿಲ್ಲವೆಂದ ಮಾತ್ರಕ್ಕೆ ಬಾಕಿ ಅಳಿಯುವುದಿಲ್ಲ.

ಬಿಲ್ಲು ಸಿಕ್ಕಿಬೀಳುವುದು ಹೆಚ್ಚಾಗಿ ತಲೆ ಎಣಿಕೆಯಲ್ಲಿ. ಕೇಂದ್ರದ ಹಾಜರಿ ವಹಿಯಲ್ಲಿ 80 ಜನ, ಬಿಲ್ಲಿನಲ್ಲಿ 110 ಊಟ ಎಂದಿದ್ದರೆ ಕಡತ ಅಲ್ಲೇ ನಿಲ್ಲುತ್ತದೆ. ಸಿಬ್ಬಂದಿ, ಪೊಲೀಸರ ಊಟವೂ ಸೇರಿದೆ ಎಂದು ಯಾರೂ ಬರೆದಿಟ್ಟಿರುವುದಿಲ್ಲ. ಆದ್ದರಿಂದ ಮೊದಲು 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿ. ಹಾಜರಿ ವಹಿ, ಮಂಜೂರಾತಿ ಆದೇಶ, ಬಳಕೆ ಪ್ರಮಾಣಪತ್ರ (ಅನುದಾನ ಯಾವುದಕ್ಕೆ ಖರ್ಚಾಯಿತು ಎಂದು ಕಚೇರಿ ಬರೆದುಕೊಡುವ ಪತ್ರ), ಮೂರರ ಪ್ರತಿಯನ್ನೂ ಕೇಳಿ. ಕಚೇರಿ 30 ದಿನದಲ್ಲಿ ಉತ್ತರಿಸಬೇಕು. ಬಳಕೆ ಪ್ರಮಾಣಪತ್ರದಲ್ಲಿ ನಿಮ್ಮ ಪೂರ್ತಿ ಮೊತ್ತ ಖರ್ಚಿಗೆ ಬಿದ್ದಿದ್ದರೆ ‘ಅನುದಾನ ಬಂದಿಲ್ಲ’ ಎಂಬ ಉತ್ತರ ನಿಲ್ಲದು.

ಅದಕ್ಕಿಂತ ದೊಡ್ಡ ತೊಡಕು ಕಾಲಮಿತಿ. ಇಂಥ ದಾವೆಗೆ ಮೂರು ವರ್ಷ. ಕೋವಿಡ್ ಕಾರಣಕ್ಕೆ 2020ರ ಮಾರ್ಚ್ 15ರಿಂದ 2022ರ ಫೆಬ್ರುವರಿ 28ರವರೆಗಿನ ಅವಧಿಯನ್ನು ಸುಪ್ರೀಂ ಕೋರ್ಟ್ ಲೆಕ್ಕದಿಂದ ಬಿಟ್ಟಿತು. ಹಾಗಾಗಿ ನಿಮ್ಮ ಗಡುವು 2025ರ ಫೆಬ್ರುವರಿ 28ಕ್ಕೆ ಮುಗಿದಿದೆ. ಆ ದಿನಕ್ಕೆ ಮೊದಲು ‘ಅನುದಾನ ಬಂದ ಕೂಡಲೇ ಪಾವತಿಸಲಾಗುವುದು’ ಎಂದು ಅಧಿಕಾರಿ ಸಹಿ ಹಾಕಿ ಕೊಟ್ಟ ಪತ್ರವಿದೆಯೇ? ಇದ್ದರೆ ಆ ತಾರೀಖಿನಿಂದ ಹೊಸದಾಗಿ ಮೂರು ವರ್ಷ. ಹಳೆಯ ಫೈಲು ಪುಟಪುಟವಾಗಿ ತಿರುವಿ. ಇಡೀ ಪ್ರಕರಣ ಆ ಒಂದು ಹಾಳೆಯ ಮೇಲೆ ನಿಂತಿರಬಹುದು. ಸಿಕ್ಕರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಮಿನಡಿ ಜಿಲ್ಲಾಧಿಕಾರಿಗೆ ನೋಟಿಸು ಕೊಟ್ಟು, ಎರಡು ತಿಂಗಳು ಕಾದು ದಾವೆ ಹೂಡಬೇಕು.

ಸಣ್ಣ ಉದ್ದಿಮೆಗಳ ಕಾಯ್ದೆಯ 45 ದಿನದೊಳಗೆ ಪಾವತಿಯ ನಿಯಮ, ತಡವಾದರೆ ರಿಸರ್ವ್ ಬ್ಯಾಂಕಿನ ‘ಬ್ಯಾಂಕ್ ದರ’ದ ಮೂರು ಪಟ್ಟು ಚಕ್ರಬಡ್ಡಿ ಸಿಗಬೇಕಾದರೆ ಆ ಕಾಯ್ದೆಯಡಿ ನೋಂದಣಿ ಊಟ ಕೊಡುವ ಮೊದಲೇ ಆಗಿರುವುದು ಮುಖ್ಯ. ಆಮೇಲೆ ಮಾಡಿಸಿದ ನೋಂದಣಿಯನ್ನು ಹಿಂದಿನ ವ್ಯವಹಾರಕ್ಕೆ ಅನ್ವಯಿಸಲು 2021ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ.

ಪ್ರಶ್ನೆ: ಕೋವಿಡ್ ಕಾಲದಲ್ಲಿ ಸರ್ಕಾರವೇ ಹಣ ತುಂಬಿಕೊಡುವಾಗ ಮಾಸ್ಕ್, ಸ್ಯಾನಿಟೈಸರ್ ಬೆಲೆ ಏಕೆ ಏರಿತು? ಆಮೇಲೆ ಮಾಲು ಏಕೆ ಉಳಿಯಿತು?
– ಸರ್ಜಿಕಲ್ ಅಂಗಡಿಯವರು, ರಾಯಚೂರು

ಉತ್ತರ: ತುರ್ತಿನಲ್ಲಿ ಕೊಳ್ಳುವವರು ಮೊದಲು ನೋಡುವುದು ಇವತ್ತೇ ಸಿಗುತ್ತದೆಯೇ ಎಂಬುದನ್ನು, ದರ ಆಮೇಲಿನದು. ವಿಪತ್ತಿನ ಕಾಲದಲ್ಲಿ ಕೆಟಿಪಿಪಿ, ಅಂದರೆ ರಾಜ್ಯದ ಸರ್ಕಾರಿ ಖರೀದಿಯ ಪಾರದರ್ಶಕತೆ ಕಾಯ್ದೆ ಟೆಂಡರ್‌ನಿಂದ ವಿನಾಯಿತಿಯನ್ನೂ ಕೊಡುತ್ತದೆ. ಇದರ ಮೇಲೆ ಕಾಯುವ ಖರ್ಚು. ಒಂದು ಲಕ್ಷದ ಬಿಲ್ಲು ಆರು ತಿಂಗಳು ತಡವಾದರೆ ಶೇ 12ರ ಬಡ್ಡಿಗೆ 6,000 ರೂಪಾಯಿ. ಬಲ್ಲ ವ್ಯಾಪಾರಿ ಅದನ್ನು ದರಪಟ್ಟಿಯಲ್ಲೇ ಸೇರಿಸುತ್ತಾನೆ. ಕಾಯುವ ಶಕ್ತಿ ಇಲ್ಲದ ಸಣ್ಣವರು ಹಿಂದೆ ಸರಿಯುತ್ತಾರೆ, ಪೈಪೋಟಿ ಇನ್ನೂ ಕುಗ್ಗುತ್ತದೆ.

ದರಮಿತಿಯೂ ಬಂತು. 2020ರ ಮಾರ್ಚ್‌ನಲ್ಲಿ ಮೂರು ಪದರದ ಮಾಸ್ಕ್‌ಗೆ 10 ರೂಪಾಯಿ, 200 ಮಿ.ಲೀ. ಸ್ಯಾನಿಟೈಸರ್‌ಗೆ 100 ರೂಪಾಯಿ. ಆದರೆ ಸ್ಯಾನಿಟೈಸರ್ ಬೆಲೆ ತಗ್ಗಿಸಿದ್ದು ಮುಖ್ಯವಾಗಿ ಡಿಸ್ಟಿಲರಿಗಳಿಗೆ ಕೊಟ್ಟ ತಯಾರಿಕೆಯ ಅನುಮತಿ ಎಂಬುದು ನಮ್ಮ ಅಭಿಪ್ರಾಯ. ಪೂರೈಕೆ ಹೆಚ್ಚಿತು, ಸರ್ಕಾರಿ ಖರೀದಿ ನಿಂತಿತು. ಅವಧಿ ಮೀರುವ ಮಾಲು ಅಂಗಡಿಯವರ ತಲೆಗೆ ಬಿತ್ತು. 2021ರ ಜೂನ್‌ನಲ್ಲಿ ಸ್ಯಾನಿಟೈಸರ್‌ನ ಜಿಎಸ್‌ಟಿ ಶೇ 18ರಿಂದ 5ಕ್ಕೆ ಇಳಿದಾಗ ಹಳೆಯ ದರದಲ್ಲಿ ದಾಸ್ತಾನು ಮಾಡಿದವರಿಗೆ ಇನ್ನೊಂದು ಪೆಟ್ಟು.

ತಡವಾಗಿ ಬರುವ ಹಣದ ಇದೇ ಕಥೆ ಆಸ್ಪತ್ರೆ ಹಾಸಿಗೆಗಳದ್ದೂ. 2020ರ ಜೂನ್‌ನ ರಾಜ್ಯ ಆದೇಶದಲ್ಲಿ ಸರ್ಕಾರ ಕಳಿಸಿದ ರೋಗಿಗೆ ಸಾಮಾನ್ಯ ವಾರ್ಡ್‌ನಲ್ಲಿ ದಿನಕ್ಕೆ 5,200, ನೇರವಾಗಿ ಬಂದವರಿಗೆ 10,000 ರೂಪಾಯಿ. ಮೊದಲನೆಯದು ಕ್ಲೇಮ್ ಪರಿಶೀಲನೆ ಮುಗಿದ ಮೇಲೆ ಸರ್ಕಾರದಿಂದ ಕೈಸೇರುವ ಹಣ. ಖಾಸಗಿ ಆಸ್ಪತ್ರೆ ಯಾರಿಗೆ ಹಾಸಿಗೆ ಕಾದಿರಿಸಲು ಬಯಸುತ್ತದೆ, ಹೇಳಬೇಕಿಲ್ಲ.

ಪ್ರಶ್ನೆ: ಗಣಿಬಾಧಿತರ ಹಣ ಕೋವಿಡ್‌ಗೆ ಹೋಗಬಹುದಿತ್ತೇ?
– ಓದುಗರು, ಸಂಡೂರು

ಉತ್ತರ: ಹೋಗಬಹುದಿತ್ತು. 2020ರ ಮಾರ್ಚ್‌ನಲ್ಲಿ ಕೇಂದ್ರ ಗಣಿ ಸಚಿವಾಲಯ ಜಿಲ್ಲಾ ಖನಿಜ ನಿಧಿಯಲ್ಲಿ (ಗಣಿ ಗುತ್ತಿಗೆದಾರರು ಗಣಿಬಾಧಿತರಿಗಾಗಿ ತುಂಬುವ ಹಣ) ಉಳಿದಿದ್ದ ಹಣದ ಶೇ 30ರವರೆಗೆ ಬಳಸಲು ಅನುಮತಿಸಿತು. ಹಣ ಜಿಲ್ಲೆಯಲ್ಲೇ ಇರುವುದರಿಂದ ಬಳ್ಳಾರಿಯಂಥ ಕಡೆ ದೆಹಲಿಯ ಕಂತು ಕಾಯಬೇಕಿರಲಿಲ್ಲ, ಅದು ಅನುಕೂಲವೇ. ಯಾವುದಕ್ಕೆ ಎಷ್ಟು ಹೋಯಿತು ಎಂದು ತಿಳಿಯಲು ನಿಧಿಯ 2020–21ರ ವಾರ್ಷಿಕ ವರದಿ ಮತ್ತು ಲೆಕ್ಕಪರಿಶೋಧನಾ ವರದಿ ಕೇಳಿ ಪಡೆಯಿರಿ.