ಸಡಿಲವಾಗಿರಲಿ, ಆದರೆ ಹೆಗಲು ಸರಿಯಾಗಿ ಕೂರಲಿ

ಅಬಾಯಾ (ಬಟ್ಟೆಯ ಮೇಲೆ ಹಾಕುವ ಉದ್ದನೆಯ ಸಡಿಲ ನಿಲುವಂಗಿ), ಹಿಜಾಬ್ ಮತ್ತು ಮೈತುಂಬ ಉಡುವ ಬಟ್ಟೆಗಳ ಬಗ್ಗೆ ಬಂದ ಪತ್ರಗಳಿಗೆ ಈ ಸಲ ಉತ್ತರ. ಒಂದೇ ತರಹದ ಪ್ರಶ್ನೆಗಳನ್ನು ಒಟ್ಟು ಮಾಡಿದ್ದೇನೆ. ಹೆಸರು ಹಾಕಬೇಡಿ ಎಂದು ತುಂಬ ಜನ ಕೇಳಿದ್ದರಿಂದ ಯಾರ ಹೆಸರೂ ಇಲ್ಲ.

ಪ್ರಶ್ನೆ: ಮೇಡಂ, ನಾನು ಕುಳ್ಳಗಿದ್ದೇನೆ, ಸ್ವಲ್ಪ ದಪ್ಪವೂ ಹೌದು. ಅಬಾಯಾ ಹಾಕಿದರೆ ಡೇರೆ ಹೊದ್ದ ಹಾಗೆ ಕಾಣುತ್ತೀಯ ಎಂದು ಮನೆಯವರೇ ಹೇಳುತ್ತಾರೆ. ಬಿಗಿ ಮಾಡಿಸಲು ನನಗೆ ಇಷ್ಟವಿಲ್ಲ. ಏನು ಮಾಡಲಿ?

ಉತ್ತರ: ಬಿಗಿ ಮಾಡಿಸಬೇಡಿ, ಅದರ ಅಗತ್ಯವೇ ಇಲ್ಲ. ನಿಮ್ಮ ಅಬಾಯಾದ ತೊಂದರೆ ಬಹುಶಃ ಹೆಗಲಿನಲ್ಲಿದೆ. ರೆಡಿಮೇಡ್ ಅಬಾಯಾಗಳ ಮೇಲೆ 52, 54, 56 ಎಂದು ನಂಬರ್ ಇರುತ್ತದೆ ಅಲ್ವಾ, ಅದು ಸಾಮಾನ್ಯವಾಗಿ ಹೆಗಲಿನಿಂದ ಕೆಳಗಿನ ಅಂಚಿನವರೆಗಿನ ಉದ್ದ, ಇಂಚಿನ ಲೆಕ್ಕದಲ್ಲಿ. ಅಗಲಕ್ಕೂ ಅದಕ್ಕೂ ಸಂಬಂಧ ಕಡಿಮೆ. ಮೈ ಸಡಿಲ ಇರಲಿ ಎಂದು ದೊಡ್ಡ ನಂಬರ್ ತೆಗೆದುಕೊಂಡರೆ ಬಟ್ಟೆ ನೆಲ ಗುಡಿಸುತ್ತದೆ, ಹೆಗಲಿನ ಹೊಲಿಗೆ ತೋಳಿನ ಮೇಲೆ ಇಳಿಯುತ್ತದೆ, ಅಲ್ಲಿಂದ ಕೆಳಗೆ ಎಲ್ಲವೂ ಜೋತು ಬೀಳುತ್ತದೆ. ನೋಡುವವರ ಕಣ್ಣಿಗೆ ಆಗ ಮೈಯ ಗಾತ್ರ ಇನ್ನೂ ಜಾಸ್ತಿ ಕಾಣುತ್ತದೆ.

ಟೈಲರ್ ಹತ್ತಿರ ಹೋಗಿ ಇಷ್ಟು ಹೇಳಿ. ಹೆಗಲಿನ ಹೊಲಿಗೆ ಸರಿಯಾಗಿ ಹೆಗಲಿನ ಮೂಳೆಯ ಮೇಲೆ ಕೂರಬೇಕು. ಕಂಕುಳಿನ ಹತ್ತಿರ ಕೈ ಎತ್ತಲು ಬೇಕಾದಷ್ಟು ಜಾಗ ಇರಬೇಕು. ಅಲ್ಲಿಂದ ಕೆಳಗೆ ಎ-ಲೈನ್ ಬರಲಿ, ಅಂದರೆ ಇಳಿದಂತೆ ಅಗಲವಾಗುತ್ತಾ ಹೋಗಲಿ, ಸೊಂಟದಲ್ಲಿ ಹಿಡಿಯುವುದು ಬೇಡ. ಉದ್ದ ಅಳೆಯುವಾಗ ದಿನಾ ಹಾಕುವ ಚಪ್ಪಲಿಯನ್ನೇ ಹಾಕಿಕೊಂಡು ನಿಲ್ಲಿ, ಅಂಚು ನೆಲದಿಂದ ಒಂದು ಇಂಚು ಮೇಲಿರಲಿ. ಇಷ್ಟೇ ಮಾಡಿದರೂ ಅದೇ ಸಡಿಲ ಅಬಾಯಾ ಬೇರೆಯೇ ಬಟ್ಟೆ ಎನ್ನುವಷ್ಟು ಚೆನ್ನಾಗಿ ಕಾಣುತ್ತದೆ, ಇದನ್ನು ನಾನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ.

ಕುಳ್ಳಗಿರುವವರಿಗೆ ಇನ್ನೊಂದೆರಡು ಮಾತು. ಮುಂದೆ ತೆರೆದಿರುವ ಅಬಾಯಾ, ಒಳಗೆ ಅದೇ ಬಣ್ಣದ ಉದ್ದ ಇನ್ನರ್ ಹಾಕಿದರೆ ಮೇಲಿನಿಂದ ಕೆಳಗೆ ಉದ್ದುದ್ದ ಗೆರೆ ಬರುತ್ತದೆ, ಎತ್ತರ ಕಾಣುತ್ತದೆ. ಕೆಳಗಿನ ಅಂಚಿನಲ್ಲಿ ಅಗಲವಾದ ಬಾರ್ಡರ್ ಇದ್ದರೆ ಎತ್ತರ ತುಂಡಾಗುತ್ತದೆ. ಎದೆಯ ಮೇಲೆ ತುಂಬ ಕಲ್ಲಿನ ಕೆಲಸ ಬೇಡ, ಭಾರಕ್ಕೆ ಬಟ್ಟೆ ಜಗ್ಗುತ್ತದೆ. ಕಸೂತಿ ಇಷ್ಟವಿದ್ದರೆ ತೋಳಿನ ತುದಿಯಲ್ಲಿ ಮಾಡಿಸಿ. ಸ್ಕಾರ್ಫನ್ನು ಕುತ್ತಿಗೆ ಸುತ್ತ ಪದರ ಪದರ ಸುತ್ತಿದರೆ ಕುತ್ತಿಗೆಯೇ ಇಲ್ಲದ ಹಾಗೆ ಕಾಣುತ್ತದೆ, ಅಲ್ಲಿ ಕಡಿಮೆ ಮಾಡಿ ಎದೆಯ ಮೇಲೆ ಇಳಿಬಿಡಿ.

ಪ್ರಶ್ನೆ: ಬೇಸಿಗೆಯಲ್ಲಿ ಕಪ್ಪು ಅಬಾಯಾ ಹಾಕಿ ಬೆಂದು ಹೋಗುತ್ತೇನೆ. ಬಿಳಿ ಅಥವಾ ತಿಳಿ ಬಣ್ಣಕ್ಕೆ ಬದಲಾಯಿಸಿದರೆ ಸಾಕಾ?

ಉತ್ತರ: ಬಣ್ಣ ಬದಲಾಯಿಸುವ ಮೊದಲು ಬಟ್ಟೆ ಬದಲಾಯಿಸಿ. ಮರಳುಗಾಡಿನ ಬೆದೂಯಿನ್ ಜನ ಕಪ್ಪು ನಿಲುವಂಗಿ ಯಾಕೆ ಹಾಕುತ್ತಾರೆ ಎಂದು ವಿಜ್ಞಾನಿಗಳು ಪರೀಕ್ಷಿಸಿ 1980ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದಿದ್ದರು. ಕಪ್ಪು ಬಟ್ಟೆ ಬಿಸಿಲನ್ನು ಜಾಸ್ತಿ ಹೀರುತ್ತದೆ, ನಿಜ. ಆದರೆ ನಿಲುವಂಗಿ ಸಡಿಲವಾಗಿ ಇದ್ದುದರಿಂದ ಆ ಹೆಚ್ಚಿನ ಶಾಖ ಚರ್ಮ ಮುಟ್ಟುವ ಮೊದಲೇ ಹೊರಗೆ ಹೋಗುತ್ತಿತ್ತು, ಮೈಗೆ ತಾಗುವ ಶಾಖ ಕಪ್ಪಿನಲ್ಲೂ ಬಿಳಿಯಲ್ಲೂ ಒಂದೇ ಆಗಿತ್ತು. ಹಾಗಾಗಿ ಗಾಳಿಯಾಡುವಷ್ಟು ಸಡಿಲ ಇರುವುದು ಮುಖ್ಯ. ನಾವು ಏನು ಮಾಡುತ್ತೇವೆ ಅಂದರೆ ಒಳಗೆ ಬಿಗಿ ಜೀನ್ಸ್, ಅದರ ಮೇಲೆ ಉದ್ದ ತೋಳಿನ ಬಿಗಿ ಟಾಪ್, ಅದರ ಮೇಲೆ ಲೈನಿಂಗ್ ಇರುವ ಪಾಲಿಯೆಸ್ಟರ್ ಅಬಾಯಾ ಹಾಕಿ, ಕೊನೆಗೆ ಕಪ್ಪು ಬಣ್ಣವನ್ನು ಬೈಯುತ್ತೇವೆ. ಒಳಗೆ ತೆಳು ಹತ್ತಿಯ ಸ್ಲಿಪ್ ಮತ್ತು ಸಡಿಲ ಪ್ಯಾಂಟ್ ಹಾಕಿ ನೋಡಿ.

ಬಟ್ಟೆಯ ವಿಷಯಕ್ಕೆ ಬಂದರೆ, ಅಬಾಯಾಗೆ ಬಳಸುವ ನಿದಾ ಬಟ್ಟೆ ಕೂಡ ಹೆಚ್ಚಾಗಿ ಪಾಲಿಯೆಸ್ಟರೇ, ಆದರೆ ಒಳ್ಳೆಯ ನಿದಾ ನಯವಾಗಿ, ಹಗುರವಾಗಿ ಬೀಳುತ್ತದೆ, ಸುಕ್ಕಾಗುವುದಿಲ್ಲ. ಲಿನನ್ ತಂಪು, ಆದರೆ ಕೂತು ಎದ್ದರೆ ಸುಕ್ಕು. ವಿಸ್ಕೋಸ್ (ರೇಯಾನ್ ಬಟ್ಟೆ) ಬೆವರು ಹೀರುತ್ತದೆ, ಚೆನ್ನಾಗಿ ಇಳಿಯುತ್ತದೆ, ಆದರೆ ಒಗೆದಾಗ ಕುಗ್ಗುತ್ತದೆ, ಹಾಗಾಗಿ ಹೊಲಿಸುವ ಮೊದಲು ಒಂದು ಸಲ ನೆನೆಸಿ ಒಣಗಿಸಿಕೊಳ್ಳಿ. ಸ್ಕಾರ್ಫಿಗೆ ಮೋಡಲ್ (ರೇಯಾನಿನದೇ ಇನ್ನೊಂದು ಮೆತ್ತನೆಯ ಬಗೆ), ವಿಸ್ಕೋಸ್ ಅಥವಾ ತೆಳು ಹತ್ತಿ. ಪಾಲಿಯೆಸ್ಟರ್ ಶಿಫಾನ್ ನೋಡಲು ಚೆಂದ, ಬೆವರು ಮಾತ್ರ ಹೀರುವುದಿಲ್ಲ.

ತಿಳಿ ಬಣ್ಣ ಕೊಳ್ಳುವವರು ಅಂಗಡಿಯ ಟ್ಯೂಬ್‌ಲೈಟ್ ನಂಬಬೇಡಿ. ಬಾಗಿಲ ಹತ್ತಿರ ಬಿಸಿಲಿಗೆ ಹಿಡಿದು, ಹಿಂದೆ ಕೈ ಇಟ್ಟು ನೋಡಿ. ಬೆರಳು ಕಂಡರೆ ಕಾಲೂ ಕಾಣುತ್ತದೆ. ಬಿಳಿ ಬಟ್ಟೆಯ ಒಳಗೆ ಬಿಳಿ ಇನ್ನರ್ ಎದ್ದು ಕಾಣುತ್ತದೆ, ನಿಮ್ಮ ಮೈಬಣ್ಣಕ್ಕೆ ಹತ್ತಿರದ ಇನ್ನರ್ ಕಾಣುವುದಿಲ್ಲ.

ಪ್ರಶ್ನೆ: ಅಕ್ಕಾ, ಸ್ಕಾರ್ಫ್ ಜಾರುತ್ತಲೇ ಇರುತ್ತದೆ. ಜಾರದಿರಲಿ ಎಂದು ಬಿಗಿಯಾಗಿ ಕಟ್ಟಿದರೆ ಸಂಜೆ ಹೊತ್ತಿಗೆ ತಲೆನೋವು. ಹಣೆಯ ಹತ್ತಿರ ಕೂದಲೂ ತೆಳ್ಳಗಾಗುತ್ತಿದೆ.

ಉತ್ತರ: ಕೂದಲು ತೆಳ್ಳಗಾಗುತ್ತಿದೆ ಎಂದರೆ ಇವತ್ತೇ ಸಡಿಲ ಮಾಡು ತಂಗಿ. ಕೂದಲನ್ನು ದಿನಾ ಹಿಂದಕ್ಕೆ ಎಳೆದು ಒಂದೇ ಜಾಗದಲ್ಲಿ ಬಿಗಿಯಾಗಿ ಗಂಟು ಹಾಕಿದರೆ ಹಣೆಯಂಚಿನ ಬೇರುಗಳು ಸೋಲುತ್ತವೆ. ಬೇಗ ನಿಲ್ಲಿಸಿದರೆ ಕೂದಲು ಸಾಮಾನ್ಯವಾಗಿ ಮತ್ತೆ ಬರುತ್ತದೆ, ವರ್ಷಗಟ್ಟಲೆ ಹಾಗೇ ಬಿಟ್ಟರೆ ಬಾರದೆಯೂ ಇರಬಹುದು. ಗಂಟು ಒಂದು ದಿನ ಕೆಳಗೆ, ಒಂದು ದಿನ ಪಕ್ಕಕ್ಕೆ ಇರಲಿ. ಒದ್ದೆ ಕೂದಲ ಮೇಲೆ ಸ್ಕಾರ್ಫ್ ಬೇಡವೇ ಬೇಡ. ಆಮೇಲೂ ಕಡಿಮೆಯಾಗದಿದ್ದರೆ ಚರ್ಮದ ವೈದ್ಯರಿಗೆ ತೋರಿಸು.

ಜಾರುವುದಕ್ಕೆ ಮದ್ದು ಸ್ಕಾರ್ಫಿನ ಒಳಗೆ ಹಾಕುವ ಟೋಪಿ, ಅಂದರೆ ಅಂಡರ್‌ಕ್ಯಾಪ್, ಅದೂ ಹತ್ತಿಯದು ಅಥವಾ ಹೆಣೆದ, ಹಿಗ್ಗುವ ಜರ್ಸಿ ಬಟ್ಟೆಯದು. ನಯವಾದ ಸ್ಯಾಟಿನ್ ಕೂದಲಿಗೆ ಒಳ್ಳೆಯದು, ಆದರೆ ಅದರ ಮೇಲೆ ಶಿಫಾನ್ ನಿಲ್ಲುವುದಿಲ್ಲ. ಒಳಗೆ ಸ್ಯಾಟಿನ್, ಹೊರಗೆ ಜರ್ಸಿ ಇರುವ ಟೋಪಿ ಸಿಕ್ಕರೆ ಎರಡೂ ಸರಿಹೋಗುತ್ತದೆ.

ನೀನು ಕೇಳದಿದ್ದರೂ ಒಂದು ಮಾತು ಹೇಳಲೇಬೇಕು. ಸ್ಕಾರ್ಫ್ ಸುತ್ತುವಾಗ ಪಿನ್ನನ್ನು ಹಲ್ಲಲ್ಲಿ ಕಚ್ಚಿಕೊಳ್ಳಬೇಡ. ತುಂಬ ಜನಕ್ಕೆ ಈ ಅಭ್ಯಾಸ ಇದೆ. ಆ ಹೊತ್ತಿಗೆ ಯಾರೋ ಮಾತಾಡಿಸಿದರೆ, ನಗು ಬಂದರೆ, ಕೆಮ್ಮು ಬಂದರೆ ಪಿನ್ ಸೀದಾ ಶ್ವಾಸನಾಳಕ್ಕೆ ಹೋಗಬಹುದು. ಟರ್ಕಿ, ಈಜಿಪ್ಟ್ ಮುಂತಾದ ಕಡೆಯ ವೈದ್ಯರು ಇಂಥ ಪ್ರಕರಣಗಳನ್ನು ಮತ್ತೆ ಮತ್ತೆ ವರದಿ ಮಾಡಿದ್ದಾರೆ, ಅವುಗಳಲ್ಲಿ ಹೆಚ್ಚಿನವರು ಹದಿಹರೆಯದ ಹುಡುಗಿಯರು. ಕೊಳವೆ ಇಳಿಸಿ ತೆಗೆಯಬೇಕಾಗುತ್ತದೆ, ಕೆಲವೊಮ್ಮೆ ಆಪರೇಷನ್. ಕನ್ನಡಿಯ ಪಕ್ಕ ಒಂದು ಪಿನ್‌ಕುಶನ್ ಇಟ್ಟುಕೋ. ಅಯಸ್ಕಾಂತದ ಪಿನ್ ಬಳಸಿದರೆ ಬಟ್ಟೆಗೆ ತೂತೂ ಬೀಳುವುದಿಲ್ಲ, ಆದರೆ ಪೇಸ್‌ಮೇಕರ್ ಇರುವವರು ಅದನ್ನು ಬಳಸುವ ಮೊದಲು ವೈದ್ಯರನ್ನು ಕೇಳಲಿ, ಚಿಕ್ಕ ಮಕ್ಕಳ ಕೈಗೂ ಸಿಗದಿರಲಿ.

ಪ್ರಶ್ನೆ: ಅಬಾಯಾ ಇರುವುದೇ ಮೈ ಮುಚ್ಚಲು, ಅದರಲ್ಲಿ ಫ್ಯಾಷನ್ ಯಾಕೆ ಎಂದು ನಮ್ಮ ಅತ್ತೆ ಕೇಳುತ್ತಾರೆ. ಅವರಿಗೆ ಏನು ಹೇಳಲಿ?

ಉತ್ತರ: ಧರ್ಮದ ತೀರ್ಪು ಕೊಡುವುದು ನನ್ನ ಕೆಲಸವಲ್ಲ, ಅದಕ್ಕೆ ತಿಳಿದವರಿದ್ದಾರೆ. ನಿಮ್ಮ ಅತ್ತೆಯವರ ಮಾತಿನಲ್ಲೂ ಕಾಳಜಿ ಇದೆ. ಆದರೆ ಕುರ್‌ಆನಿನ 7ನೇ ಅಧ್ಯಾಯದ 26ನೇ ವಚನದಲ್ಲಿ ಉಡುಪು ಮೈ ಮುಚ್ಚಲೂ ಹೌದು, ಅಲಂಕಾರಕ್ಕೂ ಹೌದು ಎನ್ನುವ ಅರ್ಥ ಇದೆ, ಎಲ್ಲಕ್ಕಿಂತ ಮೇಲಾದ ಉಡುಪು ದೇವಭಯ ಎಂದೂ ಅಲ್ಲೇ ಇದೆ. ಪ್ರವಾದಿಯವರ ಮಾತುಗಳ ಸಂಗ್ರಹವಾದ ಸಹೀಹ್ ಮುಸ್ಲಿಮ್‌ನಲ್ಲಿ ಒಂದು ಹದೀಸ್ ಇದೆ. ಬಟ್ಟೆ, ಚಪ್ಪಲಿ ಚೆನ್ನಾಗಿರಲಿ ಎಂದು ಬಯಸುವುದು ಅಹಂಕಾರವೇ ಎಂದು ಒಬ್ಬರು ಕೇಳಿದಾಗ, ಅಲ್ಲಾಹನು ಸುಂದರ, ಅವನು ಸೌಂದರ್ಯವನ್ನು ಮೆಚ್ಚುತ್ತಾನೆ, ಸತ್ಯವನ್ನು ತಿರಸ್ಕರಿಸುವುದು ಮತ್ತು ಜನರನ್ನು ಕೀಳಾಗಿ ನೋಡುವುದೇ ಅಹಂಕಾರ ಎಂದು ಪ್ರವಾದಿಯವರು ಹೇಳಿದರು ಎಂದು.

ಒಂದೇ ನಂಬಿಕೆಯ ಹೆಂಗಸರು ಎಷ್ಟು ಬಗೆಯಲ್ಲಿ ಉಡುತ್ತಾರೆ ನೋಡಿ. ಮಲೇಷ್ಯಾದಲ್ಲಿ ಬಣ್ಣಬಣ್ಣದ ಬಾಜು ಕುರುಂಗ್ (ಉದ್ದನೆಯ ಸಡಿಲ ಮೇಲಂಗಿ ಮತ್ತು ಲಂಗ), ಮೊರಾಕೊದಲ್ಲಿ ಟೋಪಿ ಇರುವ ಜಲ್ಲಾಬಾ ನಿಲುವಂಗಿ, ಸುಡಾನಿನಲ್ಲಿ ಮೈಗೂ ತಲೆಗೂ ಸುತ್ತುವ ಉದ್ದನೆಯ ತೋಬ್. ಮೈ ಮುಚ್ಚಿಕೊಂಡೂ ಚೆಂದವಾಗಿ ಉಡುವುದು ಅವರಿಗೆಲ್ಲ ಹಳೆಯ ರೂಢಿ. ಮುಂದಿನ ಸಲ ಬಟ್ಟೆ ಆರಿಸಲು ಅತ್ತೆಯವರನ್ನೂ ಕರೆದುಕೊಂಡು ಹೋಗಿ. ಬಟ್ಟೆ ಮುಟ್ಟಿ ನೋಡಿ ಗುಣ ಹೇಳುವುದು ಹಿರಿಯರಿಗೆ ಚೆನ್ನಾಗಿ ಬರುತ್ತದೆ.

ಪ್ರಶ್ನೆ: ಮೊದಲ ಇಂಟರ್‌ವ್ಯೂ. ಅಬಾಯಾ ಬದಲು ಏನು ಹಾಕಬಹುದು?

ಉತ್ತರ: ಮೊಣಕಾಲು ದಾಟುವ ಟ್ಯೂನಿಕ್, ಅಗಲ ಕಾಲಿನ ಪ್ಯಾಂಟ್, ಮೇಲೆ ತೊಡೆಯವರೆಗೆ ಬರುವ ಸಡಿಲ ಬ್ಲೇಜರ್. ನೇವಿ, ಬೂದು, ಕಂದು ಬಣ್ಣಗಳು. ಹೊಳಪಿಲ್ಲದ ಒಂದೇ ಬಣ್ಣದ ಸ್ಕಾರ್ಫ್. ಅವತ್ತು ಹೊಸ ಶೈಲಿಯಲ್ಲಿ ಸುತ್ತಲು ಹೋಗಬೇಡಿ, ಪದೇ ಪದೇ ಸರಿಮಾಡುತ್ತಾ ಕೂರಬೇಕಾಗುತ್ತದೆ. ಅಬಾಯಾವೇ ನಿಮಗೆ ಆರಾಮ ಅನಿಸಿದರೆ ಅದನ್ನೇ ಹಾಕಿ, ಇಸ್ತ್ರಿ ಮಾತ್ರ ಚೆನ್ನಾಗಿರಲಿ.

ಪ್ರಶ್ನೆ: ಮಗಳು ಈಜು ಕಲಿಯಬೇಕು ಎನ್ನುತ್ತಾಳೆ. ಹತ್ತಿಯ ಚೂಡಿದಾರದಲ್ಲೇ ಇಳಿಸಿದರೆ ಆಗುತ್ತದಾ?

ಉತ್ತರ: ದಯವಿಟ್ಟು ಬೇಡ. ಹತ್ತಿ ನೀರು ಕುಡಿದು ಭಾರವಾಗುತ್ತದೆ, ಕಾಲಿಗೆ ಸುತ್ತಿಕೊಳ್ಳುತ್ತದೆ, ಮೈಗೂ ಅಂಟುತ್ತದೆ. ಆಗ ಮರೆಯೂ ಇಲ್ಲ, ಸುರಕ್ಷತೆಯೂ ಇಲ್ಲ. ಇದಕ್ಕೆಂದೇ ಆಸ್ಟ್ರೇಲಿಯಾದ ಅಹೆದಾ ಝನೆಟ್ಟಿ ಬುರ್ಕಿನಿ ರೂಪಿಸಿದರು. ನೀರು ಹಿಡಿಯದ, ಬೇಗ ಒಣಗುವ ಈಜಿನ ಬಟ್ಟೆಯಲ್ಲಿ ಹೊಲಿದದ್ದು, ತಲೆಯೂ ಮುಚ್ಚುತ್ತದೆ. ಕೊಳ್ಳುವಾಗ ಟಾಪ್ ಮೇಲಕ್ಕೆ ತೇಲದಂತೆ ಪ್ಯಾಂಟಿಗೆ ಕಟ್ಟುವ ದಾರ ಇದೆಯೇ ನೋಡಿ. ಈಜಿದ ತಕ್ಷಣ ಸಿಹಿನೀರಿನಲ್ಲಿ ಜಾಲಾಡಿ, ಕ್ಲೋರಿನ್ ಬಟ್ಟೆಯ ಹಿಗ್ಗುವ ಗುಣ ಹಾಳು ಮಾಡುತ್ತದೆ.

ಮಗಳಿಗೆ ಇದನ್ನೂ ಹೇಳಿ. ಫುಟ್‌ಬಾಲ್‌ನಲ್ಲಿ ಫೀಫಾ 2014ರಲ್ಲಿ ತಲೆವಸ್ತ್ರಕ್ಕೆ ಒಪ್ಪಿಗೆ ಕೊಟ್ಟಿತು, ಬ್ಯಾಸ್ಕೆಟ್‌ಬಾಲ್‌ನ ಫೀಬಾ 2017ರಲ್ಲಿ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಇಬ್ತಿಹಾಜ್ ಮುಹಮ್ಮದ್ ಹಿಜಾಬ್ ಹಾಕಿಕೊಂಡೇ ಕತ್ತಿವರಸೆಯಲ್ಲಿ ತಂಡದ ಕಂಚು ಗೆದ್ದರು.

ಪ್ರಶ್ನೆ: ನಾನು ಮುಸ್ಲಿಮಳಲ್ಲ. ಗೆಳತಿಗೆ ಸ್ಕಾರ್ಫ್ ಉಡುಗೊರೆ ಕೊಡುವ ಆಸೆ. ಏನು ನೋಡಿ ಕೊಳ್ಳಲಿ?

ಉತ್ತರ: ಅಳತೆ ನೋಡಿ. ಉದ್ದನೆಯದಾದರೆ ಸುಮಾರು 180 ಸೆಂಟಿಮೀಟರ್ ಉದ್ದ, 70 ಅಗಲ ಇರಬೇಕು. ಚೌಕವಾದರೆ ಒಂದು ಬದಿ 110ಕ್ಕಿಂತ ಕಡಿಮೆ ಬೇಡ. ಕುತ್ತಿಗೆಗೆ ಮಾತ್ರ ಸುತ್ತುವ ಸಣ್ಣ ಸ್ಕಾರ್ಫ್ ಎಷ್ಟೇ ಚೆಂದ ಇದ್ದರೂ ಅವರಿಗೆ ಸಾಲುವುದಿಲ್ಲ. ಗೆಳತಿ ದಿನಾ ಯಾವ ಬಗೆಯ ಬಟ್ಟೆ ಸುತ್ತುತ್ತಾರೆ ಎಂದು ಗಮನಿಸಿ ಅದೇ ಬಗೆ ಆರಿಸಿ, ಬಣ್ಣ ಮಾತ್ರ ನಿಮಗೆ ಇಷ್ಟವಾದದ್ದು ಇರಲಿ.