ಮದ್ದು ಸೊಪ್ಪಿನ ಸಾರದಲ್ಲಿ ಕಿಣ್ವಕ್ಕೆ ಅಂಟುವ ಸಂಯುಕ್ತವನ್ನು ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ಹಿಡಿಯಬಹುದೇ?

ವಿರಾಜಪೇಟೆ ಕಡೆಯ ಮದ್ದು ಸೊಪ್ಪಿನಲ್ಲಿ ಆಲ್ಫಾ-ಗ್ಲುಕೋಸಿಡೇಸ್ (ಪಿಷ್ಟದ ತುಣುಕುಗಳನ್ನು ಗ್ಲುಕೋಸ್ ಆಗಿ ಒಡೆಯುವ ಕಿಣ್ವ) ತಡೆಯುವ ಅಂಶವೇನಾದರೂ ಇದ್ದರೆ, ಒಂದೊಂದನ್ನೂ ಕಾಲಮ್‌ನಲ್ಲಿ ಬೇರೆ ಮಾಡುತ್ತ ಕೂರದೆ ಹುಡುಕುವುದು ಹೇಗೆ ಎಂದು ಕೇಳಿದ್ದೀರಿ. ದಾರಿ ಇದೆ. ಕಿಣ್ವವನ್ನೇ ಗಾಳ ಮಾಡಿ ಸಾರದೊಳಗೆ ಬಿಡಬೇಕು, ಅಂಟದ್ದನ್ನು ತೊಳೆದು ಹಾಕಬೇಕು, ಅಂಟಿದ್ದನ್ನು ಬಿಡಿಸಿ ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ಅಣುಗಳ ತೂಕ ನೋಡಬೇಕು. ಕೊಡವರ ಮಳೆಗಾಲದ ತಿಂಗಳಾದ ಕಕ್ಕಡದ ಹದಿನೆಂಟಕ್ಕೆ ಆ ಸೊಪ್ಪಿನಲ್ಲಿ 18 ಮದ್ದು ಕೂಡಿರುತ್ತದೆ ಅನ್ನುತ್ತಾರಲ್ಲ, ಉಪಕರಣಕ್ಕೆ ಕೊಟ್ಟರೆ ನೂರಾರು ಪೀಕ್ ಏಳುತ್ತವೆ. ಅಂಟಿದ್ದು ಯಾವುದು ಅನ್ನುವುದಷ್ಟೇ ತಲೆನೋವು.

ಮೊದಲು ಸೊಪ್ಪಿನ ವಿಷಯ. ಕಕ್ಕಡದ ಮಳೆಯಲ್ಲಿ ನೆರಳಿನಲ್ಲಿ ಒಣಗಿಸಲು ಹೋದರೆ ಬೂಷ್ಟು ಹಿಡಿಯುತ್ತದೆ, ಬೂಷ್ಟಿನ ಸಂಯುಕ್ತಗಳೂ ಸೊಪ್ಪಿನದೇ ಎಂಬಂತೆ ಪಟ್ಟಿಗೆ ಸೇರುತ್ತವೆ. 40 ಡಿಗ್ರಿ ಓವನ್‌ನಲ್ಲಿ ಒಣಗಿಸಿ. ಬೋರ್ಡೋ ದ್ರಾವಣ (ತಾಮ್ರದ ಶಿಲೀಂಧ್ರನಾಶಕ) ಹೊಡೆದ ತೋಟದ ಬೇಲಿಯದ್ದು ಬೇಡ, ತಾಮ್ರ ಕಿಣ್ವವನ್ನು ಕೆಡಿಸಬಲ್ಲದು. 1 ಗ್ರಾಂ ಪುಡಿಗೆ 70% ಮೆಥನಾಲ್ 20 ಮಿ.ಲೀ. ಹಾಕಿ ಅರ್ಧ ಗಂಟೆ ಸೋನಿಕೇಟ್ ಮಾಡಿ (ಶಬ್ದತರಂಗದಿಂದ ಕಲಕಿ), ಸೋಸಿ, ಒಣಗಿಸಿಡಿ. ಸೊಪ್ಪಿನ ಒಗರು ಅಂಶವಾದ ಟ್ಯಾನಿನ್ ಯಾವ ಪ್ರೋಟೀನ್ ಸಿಕ್ಕರೂ ಕಚ್ಚಿಕೊಳ್ಳುತ್ತದೆ. ಅದನ್ನು ತೆಗೆಯಲು ಪಾಲಿಅಮೈಡ್ ಪುಡಿ ಬಳಸುತ್ತಾರೆ, ಆದರೆ ಅದು ಕೆಲವು ಫ್ಲೇವನಾಯ್ಡ್‌ಗಳನ್ನೂ (ನಾವು ಹುಡುಕುವ ಅಂಶ ಅವೇ ಆಗಿರಬಹುದು) ನುಂಗುತ್ತದೆ. ನಾನಾದರೆ ಪಾಲಿಅಮೈಡ್ ಹಾಕಿದ್ದು, ಹಾಕದ್ದು ಎರಡೂ ಸಾರವನ್ನು ಓಡಿಸುತ್ತೇನೆ.

ಯೀಸ್ಟ್ ಕಿಣ್ವ ಸುಮಾರು 68 ಕಿಲೋಡಾಲ್ಟನ್. 200 ಮೈಕ್ರೋಲೀಟರ್‌ನಲ್ಲಿ 5 ಮೈಕ್ರೋಮೋಲಾರ್ ಬೇಕಾದರೆ 68 ಮೈಕ್ರೋಗ್ರಾಂ ಸಾಕು. ಬಫರ್ 20 ಮಿಲಿಮೋಲಾರ್ ಅಮೋನಿಯಂ ಅಸಿಟೇಟ್, ಪಿಎಚ್ 6.8. ಫಾಸ್ಫೇಟ್ ಆವಿಯಾಗುವುದಿಲ್ಲ: ಉಪಕರಣದ ಸೋರ್ಸ್‌ನಲ್ಲಿ (ಅಣುಗಳಿಗೆ ವಿದ್ಯುದಾವೇಶ ಕೊಡುವ ಭಾಗ) ಉಪ್ಪು ಕಟ್ಟುತ್ತದೆ, ಸಿಗ್ನಲ್ ಕುಸಿಯುತ್ತದೆ. ಸಾರ ಮಿ.ಲೀ.ಗೆ 100 ಮೈಕ್ರೋಗ್ರಾಂ, ಸಾರ ಕರಗಿಸುವ ದ್ರಾವಕ ಡಿಎಂಎಸ್‌ಒ 1% ಮೀರದಿರಲಿ. 37 ಡಿಗ್ರಿಯಲ್ಲಿ 30 ನಿಮಿಷ ಬಿಟ್ಟು, ಕಿಣ್ವವನ್ನು ಮೇಲೆ ತಡೆದು ಸಣ್ಣ ಅಣುಗಳನ್ನು ಕೆಳಗೆ ಬಿಡುವ 30 ಕಿಲೋಡಾಲ್ಟನ್‌ನ ಸೆಲ್ಯುಲೋಸ್ ಫಿಲ್ಟರ್‌ನಲ್ಲಿ 10,000 ಜಿ ಬಲಕ್ಕೆ 10 ನಿಮಿಷ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ. ತಣ್ಣನೆಯ ಬಫರ್ 200 ಮೈಕ್ರೋಲೀಟರ್‌ನಂತೆ ಮೂರು ಸಲ ತೊಳೆಯಿರಿ. ಇಲ್ಲಿ ನಿಧಾನ ಮಾಡಿದರೆ, ಅಥವಾ ಐದಾರು ಸಲ ತೊಳೆದರೆ, ಸಡಿಲವಾಗಿ ಅಂಟಿದ್ದೆಲ್ಲ ಕೊಚ್ಚಿ ಹೋಗುತ್ತದೆ. ಆಮೇಲೆ 90% ಮೆಥನಾಲ್ ಹಾಕಿ 10 ನಿಮಿಷ ಬಿಟ್ಟು ತಿರುಗಿಸಿ. ಕೆಳಗಿಳಿದದ್ದನ್ನು ಒಣಗಿಸಿ 50 ಮೈಕ್ರೋಲೀಟರ್ 50% ಮೆಥನಾಲ್‌ನಲ್ಲಿ ಕರಗಿಸಿ, 5 ಮೈಕ್ರೋಲೀಟರ್ ಅನ್ನು, ಮಾಸ್ ಸ್ಪೆಕ್ಟ್ರೋಮೀಟರ್‌ಗೆ ಮೊದಲು ಸಂಯುಕ್ತಗಳನ್ನು ಬೇರ್ಪಡಿಸುವ ಸಿ18 ಕಾಲಮ್‌ಗೆ ಕೊಡಿ. ಪಾಸಿಟಿವ್, ನೆಗೆಟಿವ್ ಅಯಾನ್ ಎರಡೂ ವಿಧಾನದಲ್ಲಿ ಓಡಿಸಿ.

ಹೆಚ್ಚಿನವರು ಎಡವುವುದು ಕಂಟ್ರೋಲ್‌ನಲ್ಲಿ, ಅಂದರೆ ಹೋಲಿಕೆಗೆ ಇಡುವ ಮಾದರಿಯಲ್ಲಿ. 10 ನಿಮಿಷ ಕುದಿಸಿದ ಕಿಣ್ವವೊಂದನ್ನೇ ಇಟ್ಟುಕೊಂಡು ಹೋಲಿಸುತ್ತಾರೆ. ಕುದಿಸಿದ ಪ್ರೋಟೀನ್ ಬಿಚ್ಚಿಕೊಂಡು ಮುದ್ದೆಯಾಗಿ, ಜಿಡ್ಡಿನ ಸ್ವಭಾವದ ಅಣುಗಳನ್ನು ಇನ್ನೂ ಜಾಸ್ತಿ ಹಿಡಿದುಕೊಳ್ಳಬಹುದು. ಹಾಗಾಗಿ ಕಿಣ್ವವೇ ಇಲ್ಲದ ಫಿಲ್ಟರ್ ಕೂಡ ಬೇಕು, ಪ್ರತಿಯೊಂದೂ ಮೂರು ಸಲ. ಎರಡೂ ಕಂಟ್ರೋಲ್‌ಗಿಂತ ಪೀಕ್‌ನ ವಿಸ್ತೀರ್ಣ ಎರಡು ಪಟ್ಟು ಇದ್ದರೆ ಮಾತ್ರ ಗುರುತು ಹಾಕಿ. ಫಿಲ್ಟರ್ ಕೆಲಸ ಮಾಡುತ್ತಿದೆಯೇ ಎಂದು ನೋಡಲು ಈ ಕಿಣ್ವಕ್ಕೆ ಅಂಟುವ ಕ್ವೆರ್ಸೆಟಿನ್ ಸೇರಿಸಿ, ಪಾಸಿಟಿವ್‌ನಲ್ಲಿ m/z (ಅಯಾನಿನ ತೂಕ-ಆವೇಶ ಅನುಪಾತ) 303.0499ರಲ್ಲಿ ಕಾಣಬೇಕು. ಮಧುಮೇಹದ ಔಷಧಿ ಅಕಾರ್ಬೋಸ್ ಬೇಡ: ಅದು ಕರುಳಿನ ಕಿಣ್ವವನ್ನು ಚೆನ್ನಾಗಿ ತಡೆಯುತ್ತದೆ, ಯೀಸ್ಟಿನದ್ದನ್ನು ಬಹಳ ಕಮ್ಮಿ. "ನಮ್ಮ ಸೊಪ್ಪು ಅಕಾರ್ಬೋಸ್‌ಗಿಂತ ಮೇಲು" ಎಂಬ ಹೇಳಿಕೆಗಳಲ್ಲಿ ಎಷ್ಟೋ ಈ ಒಂದು ಕಾರಣಕ್ಕೇ ಹುಟ್ಟಿದವು.

195.0877ರಲ್ಲಿ ಚೂಪಾದ ಪೀಕ್ ಬಂದರೆ ಹಿಗ್ಗಬೇಡಿ, ಅದು ಕೆಫೀನ್. ಕಾಫಿ ಕಪ್ಪು ಲ್ಯಾಬಿನ ಹೊರಗಿರಲಿ, ಕೊಡಗಿನಲ್ಲಿ ಇದು ಕಷ್ಟದ ಮಾತೇ. 391.2843 ಪ್ಲಾಸ್ಟಿಕ್ ಟ್ಯೂಬಿನಿಂದ ಬಂದ ಥ್ಯಾಲೇಟ್ (ಪ್ಲಾಸ್ಟಿಕ್ ಮೆದುಗೊಳಿಸುವ ವಸ್ತು). ಒಂದೇ ಸಮಯಕ್ಕೆ ಹೊರಬರುವ ಎರಡು ಪೀಕ್‌ಗಳ ನಡುವೆ 162.0528 ವ್ಯತ್ಯಾಸ ಕಂಡರೆ ಅದು ಸೋರ್ಸ್‌ನಲ್ಲೇ ಸಕ್ಕರೆ ಕಳಚಿಕೊಂಡ ಒಂದೇ ಗ್ಲೈಕೋಸೈಡ್ (ಸಕ್ಕರೆ ಅಂಟಿದ ಸಂಯುಕ್ತ), ಎರಡೆಂದು ಎಣಿಸಬೇಡಿ. 5 ಪಿಪಿಎಂ (ಹತ್ತು ಲಕ್ಷದಲ್ಲಿ ಐದು ಪಾಲು) ನಿಖರತೆಯಿದ್ದರೂ ತೂಕದಿಂದ ಸಿಗುವುದು ಅಣುಸೂತ್ರವಷ್ಟೇ. ಒಂದೇ ಸೂತ್ರದ ಬೇರೆ ಬೇರೆ ಅಣುಗಳಾದ ಐಸೋಮರ್‌ಗಳನ್ನು ಬಿಡಿಸಲು ಶುದ್ಧ ಮಾದರಿಯ ರಿಟೆನ್ಷನ್ ಟೈಮ್ (ಕಾಲಮ್‌ನಿಂದ ಹೊರಬರುವ ಸಮಯ), ಎಂಎಸ್/ಎಂಎಸ್ (ಅಣುವನ್ನು ಒಡೆದು ತುಣುಕುಗಳ ತೂಕ ನೋಡುವುದು) ಎರಡೂ ತಾಳೆಯಾಗಬೇಕು.

ಅಂಟುವುದು ಬೇರೆ, ತಡೆಯುವುದು ಬೇರೆ. ಶುದ್ಧ ಸಂಯುಕ್ತ ಕೈಗೆ ಬಂದ ಮೇಲೆ ಪಿಎನ್‌ಪಿಜಿ (ಕಿಣ್ವ ಒಡೆದಾಗ ಹಳದಿ ಬಣ್ಣ ಬಿಡುವ ವಸ್ತು) ಹಾಕಿ 405 ನ್ಯಾನೋಮೀಟರ್‌ನಲ್ಲಿ ಅಳೆಯಿರಿ. ಅದೇ ಪರೀಕ್ಷೆಯನ್ನು 0.01% ಟ್ರೈಟನ್ ಎಕ್ಸ್-100 (ಸೋಪಿನಂಥ ಡಿಟರ್ಜೆಂಟ್) ಸೇರಿಸಿ ಮತ್ತೊಮ್ಮೆ ಮಾಡಿ. ತಡೆ ಮಾಯವಾದರೆ, ಅಣುಗಳು ಗುಂಪುಗಟ್ಟಿ ಕಿಣ್ವವನ್ನು ಸುತ್ತಿಕೊಂಡಿದ್ದವು ಅಷ್ಟೇ. ಅದನ್ನು ಪಟ್ಟಿಯಿಂದ ಹೊಡೆದು ಹಾಕಿ.