ಸಾಕ್ಷಿಯ ಮಾತು ಕಡತ ಸೇರುವ ದಾರಿ

ಹೊರದೇಶದ ನ್ಯಾಯಾಲಯಗಳಲ್ಲಿ ಪುಟ್ಟ ಯಂತ್ರದ ಮುಂದೆ ಕುಳಿತು ಆಡಿದ ಪ್ರತಿ ಮಾತನ್ನೂ ದಾಖಲಿಸುವವರನ್ನು ನೋಡಿ, ಕೊಡಗಿನ ಕೋರ್ಟುಗಳಲ್ಲೂ ಅಂಥವರಿದ್ದಾರೆಯೇ, ಮಗಳು ಆ ಕೆಲಸಕ್ಕೆ ಸೇರಬಹುದೇ ಎಂದು ಕೇಳಿದ್ದೀರಿ. ಇದ್ದಾರೆ. ಆದರೆ ನಮ್ಮಲ್ಲಿ ಆ ಕೆಲಸ ನಡೆಯುವ ರೀತಿಯೇ ಬೇರೆ. ಇದೇ ಜಿಲ್ಲೆಯಲ್ಲಿ ಶೀಘ್ರಲಿಪಿಗಾರನಾಗಿ ದುಡಿದು ನಿವೃತ್ತನಾದವನು ನಾನು. ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನೀವು ನೋಡಿದ ಅಮೆರಿಕದ ವರದಿಗಾರರು ನಿಮಿಷಕ್ಕೆ 225 ಪದಗಳ ವೇಗದ ಪರೀಕ್ಷೆ ದಾಟಿ ಬಂದವರು. ಅಲ್ಲಿ ಪ್ರಶ್ನೆ ಪ್ರಶ್ನೆಯಾಗಿಯೇ, ಉತ್ತರ ಉತ್ತರವಾಗಿಯೇ ಕಾಗದಕ್ಕೆ ಇಳಿಯುತ್ತದೆ. ನಮ್ಮ 1973ರ ದಂಡ ಪ್ರಕ್ರಿಯಾ ಸಂಹಿತೆಯ 276ನೇ ಕಲಂ ಸೆಷನ್ಸ್ ವಿಚಾರಣೆಯ ಸಾಕ್ಷ್ಯವನ್ನು ಸಾಮಾನ್ಯವಾಗಿ ನಿರೂಪಣೆಯ ರೂಪದಲ್ಲಿ ಬರೆದುಕೊಳ್ಳಲು ಹೇಳಿತು. ಅದರ ಜಾಗದಲ್ಲಿ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಅದೇ ಕ್ರಮ ಉಳಿದಿದೆ. ಪ್ರಶ್ನೋತ್ತರದ ರೂಪದಲ್ಲಿ ಬರೆಸುವುದು ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದು. ಹೀಗಾಗಿ ವಕೀಲರು ಕೇಳುತ್ತಾರೆ, ಸಾಕ್ಷಿ ಹೇಳುತ್ತಾರೆ, ನ್ಯಾಯಾಧೀಶರು ಎರಡನ್ನೂ ಸೇರಿಸಿ ಒಂದು ವಾಕ್ಯವಾಗಿ ಉಕ್ತಲೇಖನ ಕೊಡುತ್ತಾರೆ. ನಮ್ಮ ಬೆರಳುಗಳು ಅನುಸರಿಸುವುದು ಆ ವಾಕ್ಯವನ್ನು. ಪಾಟಿ ಸವಾಲಿನಲ್ಲಿ ವಕೀಲರು, “ಆ ದಿನ ನೀವು ತೋಟದಲ್ಲಿ ಇರಲೇ ಇಲ್ಲ, ಅಲ್ಲವೇ?” ಎನ್ನುತ್ತಾರೆ. “ಇದ್ದೆ ಸ್ವಾಮಿ, ಮೆಣಸು ಕೊಯ್ಯುತ್ತಿದ್ದೆ” ಎನ್ನುತ್ತಾರೆ ಸಾಕ್ಷಿ. ಕಡತದಲ್ಲಿ ಉಳಿಯುವುದು: “ನಾನು ಆ ದಿನ ತೋಟದಲ್ಲಿ ಇರಲಿಲ್ಲ ಎಂದರೆ ಸರಿಯಲ್ಲ.”

ಕೊಡಗಿನಲ್ಲಿ ಇದಕ್ಕೂ ಮೊದಲು ಇನ್ನೊಂದು ಹೆಜ್ಜೆ ಇದೆ. ಸಾಕ್ಷ್ಯ ಹೆಚ್ಚಾಗಿ ದಾಖಲಾಗುವುದು ಕನ್ನಡದಲ್ಲಿ. ಕಟಕಟೆ ಹತ್ತುವವರ ಮನೆಮಾತು ಮಾತ್ರ ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು, ಬ್ಯಾರಿ, ಬುಡಕಟ್ಟಿನವರಾದ ಎರವರ ನುಡಿ, ಜೇನುಕುರುಬರ ನುಡಿ, ಹೀಗೆ ಯಾವುದೂ ಆಗಿರಬಹುದು. ಕುಟ್ಟ, ಮಾಕುಟ್ಟ, ಕರಿಕೆ ದಾಟಿದರೆ ಕೇರಳ. ಕಾಫಿ ತೋಟಗಳ ಲೈನ್‌ಮನೆಗಳಲ್ಲಿ ಈಗ ಅಸ್ಸಾಮಿನಿಂದ ಬಂದವರೂ ಇದ್ದಾರೆ. 2011ರ ಜನಗಣತಿಯಲ್ಲಿ ಕೊಡವ ತಕ್ಕ್ ತಮ್ಮ ಮಾತೃಭಾಷೆ ಎಂದವರು ದೇಶದಲ್ಲೆಲ್ಲ ಸೇರಿ ಸುಮಾರು 1.14 ಲಕ್ಷ. ಉಳಿದ ಕೆಲವು ನುಡಿಗಳನ್ನಾಡುವವರು ಅದಕ್ಕಿಂತಲೂ ಬಹಳ ಕಡಿಮೆ. ಬಹುತೇಕರಿಗೆ ಕನ್ನಡ ಬರುತ್ತದೆ, ನಿಜ. ಆದರೆ ಸಂತೆಯಲ್ಲಿ ಆಡುವ ಕನ್ನಡವೇ ಬೇರೆ, ಕರಿಕೋಟು ತೊಟ್ಟವರು ಸುತ್ತಿ ಬಳಸಿ ಕೇಳುವ ಪ್ರಶ್ನೆಗೆ ಉತ್ತರಿಸಲು ಬೇಕಾದ ಕನ್ನಡವೇ ಬೇರೆ.

ಕಾನೂನು ಇದನ್ನು ಮರೆತಿಲ್ಲ. ಸಾಕ್ಷಿ ಬೇರೆ ಭಾಷೆಯಲ್ಲಿ ನುಡಿದರೆ ಸಾಧ್ಯವಾದರೆ ಆ ಭಾಷೆಯಲ್ಲೇ ಬರೆದುಕೊಳ್ಳಬಹುದು. ಆಗದಿದ್ದರೆ ವಿಚಾರಣೆ ಸಾಗುತ್ತಿರುವಂತೆಯೇ ನಿಜವಾದ ಭಾಷಾಂತರ ಸಿದ್ಧವಾಗಬೇಕು. ಭಾಷಾಂತರ ಮಾಡುವವರೂ 1969ರ ಪ್ರಮಾಣ ಕಾಯ್ದೆಯ ಪ್ರಕಾರ ಪ್ರಮಾಣ ಮಾಡಬೇಕು. ಆದರೆ ಎರವರ ನುಡಿಗೆ ತರಬೇತಾದ ಭಾಷಾಂತರಕಾರರು ಬೇಕೆಂದಾಗ ಸಿಗುವುದಿಲ್ಲ. ಆ ಭಾಷೆ ಬಲ್ಲ ಸಿಬ್ಬಂದಿಯೋ, ಬೇರೆ ಕೆಲಸಕ್ಕೆ ಬಂದ ವಕೀಲರೋ ಆ ಹೊತ್ತಿಗೆ ನೆರವಾಗುತ್ತಾರೆ. ಅವರ ಒಳ್ಳೆಯತನದ ಮೇಲೆ ನಿಂತಿರುವ ಈ ಏರ್ಪಾಡು ನನಗೆ ಎಂದೂ ಸಮಾಧಾನ ಕೊಟ್ಟಿಲ್ಲ.

ಯಾಕೆಂದು ಹೇಳುತ್ತೇನೆ. ದೊಡ್ಡವರ ಮುಂದೆ ನಿಂತು ಉದ್ದದ ಪ್ರಶ್ನೆ ಕೇಳಿಸಿಕೊಳ್ಳುವಾಗ ನಮ್ಮ ಜನ ನಡುನಡುವೆ “ಹೂಂ” ಎನ್ನುತ್ತಾರೆ. ಕೇಳಿಸಿಕೊಳ್ಳುತ್ತಿದ್ದೇನೆ ಎಂಬುದಷ್ಟೇ ಅದರ ಅರ್ಥ. ಎಚ್ಚರ ತಪ್ಪಿದರೆ ಅದೇ “ಎಂದರೆ ಸರಿ” ಎಂದು ದಾಖಲಾಗುತ್ತದೆ. ಒಬ್ಬ ಮನುಷ್ಯನ ಬಿಡುಗಡೆಯೋ ಶಿಕ್ಷೆಯೋ ಆ ಎರಡು ಪದಗಳಲ್ಲಿ ಇರಬಹುದು. ಸೂಕ್ಷ್ಮವಾಗಿ ಗಮನಿಸುವ ನ್ಯಾಯಾಧೀಶರು ಅಲ್ಲಿಗೇ ನಿಲ್ಲಿಸಿ, ಪ್ರಶ್ನೆಯನ್ನು ತುಂಡು ಮಾಡಿ ಮತ್ತೆ ಕೇಳಿಸುತ್ತಾರೆ. ಅಂಥವರ ಕೈಕೆಳಗೆ ಕೆಲಸ ಮಾಡುವುದು ನಮ್ಮ ವೃತ್ತಿಯ ಭಾಗ್ಯ.

ಆಸ್ತಿ ವ್ಯಾಜ್ಯಗಳಲ್ಲೂ ಹೀಗೆಯೇ. ವಂಶಪಾರಂಪರ್ಯವಾಗಿ ಬರುವ ಜಮ್ಮಾ ಗದ್ದೆಯ ಜೊತೆಗೆ ಸೊಪ್ಪು, ಸೌದೆ, ಮೇವಿಗೆಂದು ಬಂದ ಬಾಣೆ ಜಮೀನನ್ನು ಯಾರೋ ‘ಖಾಲಿ ಜಾಗ’ ಎಂದು ಬರೆಸಿದರೆ ಒಂದು ಒಕ್ಕದ, ಅಂದರೆ ಒಂದು ಮನೆತನದ, ತಲೆಮಾರುಗಳ ಹಕ್ಕು ಮಸುಕಾಗುತ್ತದೆ. ಪೈಸಾರಿ (ಸರ್ಕಾರಿ ಜಮೀನು), ಪಟ್ಟೆದಾರ (ಒಕ್ಕದ ಯಜಮಾನ), ಐನ್‌ಮನೆ (ಒಕ್ಕದ ಮೂಲಮನೆ) ಎಂಬ ಪದಗಳೆಲ್ಲವೂ ಹಾಗೆಯೇ ಬರಬೇಕು. ಹೊರಜಿಲ್ಲೆಯಿಂದ ವರ್ಗವಾಗಿ ಬಂದ ಶೀಘ್ರಲಿಪಿಗಾರರಿಗೆ ನಾನು ಮೊದಲು ಕಲಿಸುತ್ತಿದ್ದದ್ದು ಇದನ್ನೇ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಮೇಲ್ಮನವಿ ಬೆಂಗಳೂರಿನ ಹೈಕೋರ್ಟಿಗೆ ಹೋದಾಗ ಅಲ್ಲಿನ ನ್ಯಾಯಮೂರ್ತಿಗಳು ಸಾಕ್ಷಿಯ ಮುಖ ನೋಡಿರುವುದಿಲ್ಲ, ದನಿ ಕೇಳಿರುವುದಿಲ್ಲ. ಅವರ ಮುಂದಿರುವುದು ನಾವು ಬೆರಳಚ್ಚು ಮಾಡಿದ ಹಾಳೆ. ಸಾಕ್ಷಿಯ ವರ್ತನೆಯ ಬಗ್ಗೆ ಷರಾ ಬರೆಯಲು ವಿಚಾರಣಾ ನ್ಯಾಯಾಧೀಶರಿಗೆ ಅವಕಾಶವಿದ್ದರೂ ಅದು ಬರುವುದು ಅಪರೂಪ.

ಹಾಗಾಗಿ, ನೀವೇ ಎಂದಾದರೂ ಸಾಕ್ಷಿಯಾಗಿ ಬಂದರೆ ನೆನಪಿಡಿ. ಬರೆದದ್ದನ್ನು ಆರೋಪಿಯ ಅಥವಾ ಅವರ ವಕೀಲರ ಎದುರಿನಲ್ಲಿ ಸಾಕ್ಷಿಗೆ ಓದಿ ಹೇಳಬೇಕು, ಅಗತ್ಯವಿದ್ದರೆ ತಿದ್ದಬೇಕು. ಹಳೆಯ ಸಂಹಿತೆಯ 278ನೇ ಕಲಂ ಹೇಳಿದ್ದು ಇದನ್ನು, ಹೊಸದೂ ಹೇಳುತ್ತದೆ. ಬರೆದ ಭಾಷೆ ಸಾಕ್ಷಿಗೆ ತಿಳಿಯದಿದ್ದರೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕು. ಹಾಳೆಯ ಕೊನೆಯಲ್ಲಿ “ಓದಿ ಹೇಳಿ ಕೇಳಲಾಗಿ ಸರಿ ಇದೆ” ಎಂಬ ಸಾಲು ಇರುತ್ತದೆ. ಸಂಜೆಯಾಗಿದೆ, ಊರಿನ ಕೊನೆಯ ಬಸ್ಸು ಹೋಗುತ್ತದೆ ಎಂದು ಜನ ಅವಸರದಲ್ಲಿ ಸಹಿ ಹಾಕಿಬಿಡುತ್ತಾರೆ. ಓದಿಸಿಕೊಳ್ಳದೆ ಹಾಕಬೇಡಿ.

ಯಂತ್ರವೇ ಬರೆದರೆ ಆಗದೇ ಎಂದೂ ಕೇಳಿದ್ದೀರಿ. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದ ವಾದಗಳನ್ನು ಕೃತಕ ಬುದ್ಧಿಮತ್ತೆಯ ನೆರವಿನಿಂದ ಅಕ್ಷರಕ್ಕಿಳಿಸುವ ಪ್ರಯೋಗ ಆರಂಭವಾಯಿತು. ಸ್ವಾಗತಿಸಬೇಕಾದದ್ದೇ. ಆದರೆ ಅದು ಹಿರಿಯ ವಕೀಲರ ಇಂಗ್ಲಿಷ್ ವಾದ. ಮಳೆಗಾಲದಲ್ಲಿ ವಿರಾಜಪೇಟೆಯ ನ್ಯಾಯಾಲಯದಲ್ಲಿ ಮೆಲುದನಿಯಲ್ಲಿ ಎರವರ ನುಡಿ ಆಡುವ ತಾಯಿಯೊಬ್ಬರ ಸಾಕ್ಷ್ಯವನ್ನು ಬರೆದುಕೊಳ್ಳಲು ಇಂದಿಗೂ ಆ ಮಾತು ಬಲ್ಲ ಮನುಷ್ಯರೇ ಬೇಕು. ಧ್ವನಿಮುದ್ರಣವೊಂದು ಜೊತೆಗಿದ್ದರೆ ಮಾತ್ರ, ಅನುಮಾನ ಬಂದಾಗ ಹಿಂದಿರುಗಿ ಕೇಳಬಹುದು. ಅದು ಬೇಗ ಬರಲಿ ಎಂದು ಆಶಿಸುತ್ತೇನೆ.

ಇನ್ನು ನಿಮ್ಮ ಮಗಳ ವಿಷಯ. ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಶೀಘ್ರಲಿಪಿ ಮತ್ತು ಬೆರಳಚ್ಚಿನ ಪ್ರೌಢ ದರ್ಜೆ ಪರೀಕ್ಷೆಗಳನ್ನು ಮುಗಿಸಲಿ. ನೇಮಕಾತಿಯ ಅಧಿಸೂಚನೆ ಹೊರಡುವುದು ಜಿಲ್ಲಾ ನ್ಯಾಯಾಧೀಶರ ಕಚೇರಿಯಿಂದ. ಅಭ್ಯಾಸ ದಿನವೂ ಬೇಕು. ಬಿಟ್ಟರೆ ಕೈಯ ವೇಗ ಬೇಗ ಇಳಿಯುತ್ತದೆ. ಕೊಡಗಿಗೇ ಬರುವುದಾದರೆ ಕೊಡವ ತಕ್ಕ್ ಮತ್ತು ಮಲಯಾಳಂ ಅರ್ಥವಾಗುವಷ್ಟಾದರೂ ಕಲಿಯಲಿ. ಪರೀಕ್ಷೆಯಲ್ಲಿ ಅದಕ್ಕೆ ಅಂಕವಿಲ್ಲ, ಆದರೂ ಕಲಿಯಲಿ.